ಮಂಡ್ಯ ಕಡೆಯ ಹಳ್ಳಿಮನೆಗೆ, ಅವರ ಜಮೀನು ನೋಡಲು ಮಕ್ಕಳ ಜೊತೆ ಹೋಗುವುದಾದರೆ ಯಾವಾಗ, ಹೇಗೆ?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನಲ್ಲಿದ್ದೀರಿ, 7 ಮತ್ತು 11 ವರ್ಷದ ಇಬ್ಬರು ಮಕ್ಕಳು. ಯಜಮಾನರ ಜೊತೆ ಕೆಲಸ ಮಾಡುವವರೊಬ್ಬರ ಮನೆ ಮದ್ದೂರಿನ ಹತ್ತಿರದ ಹಳ್ಳಿಯಲ್ಲಿದೆ, ಎರಡೂವರೆ ಎಕರೆ ಜಮೀನು. ಬನ್ನಿ ಬನ್ನಿ ಅಂತ ಕರೆಯುತ್ತಲೇ ಇದ್ದಾರೆ. ಯಾವಾಗ ಹೋಗಬೇಕು, ಮಕ್ಕಳಿಗೆ ಅಲ್ಲಿ ಹೊತ್ತು ಹೋಗುತ್ತಾ, ಏನು ತೆಗೆದುಕೊಂಡು ಹೋಗಬೇಕು, ದುಡ್ಡು ಕೊಡಬೇಕಾ?

ನನ್ನ ತವರು ಪಾಂಡವಪುರ ತಾಲ್ಲೂಕು. ಮದುವೆಯಾಗಿ ಮೈಸೂರಿಗೆ ಬಂದೆ. ಜಮೀನನ್ನು ಅಣ್ಣ ಅತ್ತಿಗೆ ನೋಡಿಕೊಳ್ಳುತ್ತಾರೆ. ನಮ್ಮದೂ ಹೆಚ್ಚುಕಮ್ಮಿ ಅಷ್ಟೇ: ಒಂದಿಷ್ಟು ಗದ್ದೆ, ಒಂದಿಷ್ಟು ಕಬ್ಬು, ಅರ್ಧ ಎಕರೆ ಹಿಪ್ಪುನೇರಳೆ, ಎರಡು ಸೀಮೆ ಹಸು. ಮೈಸೂರಿನ ಗೆಳತಿಯರು ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಬರುತ್ತಿರುತ್ತಾರೆ. ಹಾಗಾಗಿ ನೆಂಟರಿಗೆ ಏನು ಬೇಕು, ಮನೆಯವರಿಗೆ ಏನು ಕಷ್ಟ, ಎರಡೂ ನನಗೆ ಗೊತ್ತು.

ಮೊದಲನೆಯ ಮಾತು. ದಿನ ಗೊತ್ತು ಮಾಡುವಾಗ ನಿಮ್ಮ ರಜೆಗಿಂತ ಅವರ ಕೆಲಸವನ್ನು ಮುಂದಿಟ್ಟುಕೊಳ್ಳಿ. ಫೋನ್ ಮಾಡಿ 'ಶನಿವಾರ ಬರಲಾ?' ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಮನೆಯಲ್ಲಿ ಎಷ್ಟೇ ಕೆಲಸವಿದ್ದರೂ ಬನ್ನಿ ಅಂತಲೇ ಹೇಳುತ್ತಾರೆ. ಅದರ ಬದಲು ಹೀಗೆ ಕೇಳಿ: 'ನಾಲೆಗೆ ನೀರು ಬಿಟ್ಟಿದ್ದಾರಾ? ನಾಟಿ ಯಾವಾಗ? ರೇಷ್ಮೆ ಹುಳ ಸಾಕ್ತಿದ್ದೀರಾ, ಎಷ್ಟನೇ ಜ್ವರ?' (ಜ್ವರ ಅಂದರೆ ಹುಳ ಪೊರೆ ಬಿಡುವುದು, ಮುಂದೆ ಹೇಳುತ್ತೇನೆ.) ಈ ಪ್ರಶ್ನೆ ಕೇಳಿದ ತಕ್ಷಣ ಅವರ ದನಿಯೇ ಬದಲಾಗುತ್ತದೆ. ನಿಜವಾದ ಉತ್ತರ ಸಿಗುತ್ತದೆ.

ನೀರಿನ ಮಾತು ಯಾಕೆ ಮೊದಲು ಅಂದರೆ, ನಮ್ಮ ಕಡೆ ವರ್ಷ ಶುರುವಾಗುವುದೇ ಅಲ್ಲಿಂದ. ಕನ್ನಂಬಾಡಿ ಕಟ್ಟೆ, ಅಂದರೆ ಕೆ.ಆರ್.ಎಸ್., ತನ್ನ ಪೂರ್ತಿ ಮಟ್ಟ 124.80 ಅಡಿಗೆ ತುಂಬಿದರೆ ಊರಿಗೆ ಊರೇ ಹಬ್ಬದ ಗೆಲುವಿನಲ್ಲಿರುತ್ತದೆ. 2023ರಲ್ಲಿ ಮಳೆ ಕೈಕೊಟ್ಟಿತು. ಮಂಡ್ಯ ಸೀಮೆಯಲ್ಲಿ ಎಷ್ಟೋ ಗದ್ದೆ ಹಾಗೇ ಬಿದ್ದಿದ್ದವು. ಮರುವರ್ಷ ಜುಲೈನಲ್ಲೇ ಕಟ್ಟೆ ತುಂಬಿತು. ಕಟ್ಟೆ ತುಂಬಿದ ಮಾತ್ರಕ್ಕೆ ನೀರು ದಿನವೂ ಹರಿಯುತ್ತದೆ ಅಂತಲ್ಲ. ಕಟ್ಟು ನೀರು ಪದ್ಧತಿ ಇದ್ದರೆ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುತ್ತಾರೆ. ನಾಲೆಯ ತುದಿಯವರ ಸರದಿ ನಡುರಾತ್ರಿಗೂ ಬರಬಹುದು. ಆಗ ನಮ್ಮಣ್ಣ ಟಾರ್ಚು, ಗುದ್ದಲಿ ಹಿಡಿದು ಹೊರಡುತ್ತಾನೆ. ಅಂಥ ರಾತ್ರಿಯ ಮರುದಿನ ನೀವು ಹೋದರೆ ಮನೆಯ ಯಜಮಾನರು ನಿಮ್ಮೆದುರು ಕೂತು ತೂಕಡಿಸುತ್ತಾರೆ ಅಷ್ಟೆ.

ನನ್ನನ್ನು ಕೇಳಿದರೆ ಹೋಗಬೇಕಾದ ಕಾಲ ಎರಡು. ಒಂದು ನಾಟಿಯ ಕಾಲ. ಸಾಮಾನ್ಯವಾಗಿ ಜುಲೈ ಕೊನೆಯಿಂದ ಆಗಸ್ಟ್ ಪೂರ್ತಿ. ಒಟ್ಲು, ಅಂದರೆ ಭತ್ತದ ಸಸಿಮಡಿ, ಹಾಕಿ ಮೂರು ಮೂರೂವರೆ ವಾರಕ್ಕೆ ಪೈರು ಕೀಳುತ್ತಾರೆ. ಈಗ ಕೆಲವು ಕಡೆ ನಾಟಿಗೂ ಮಷೀನು ಬಂದಿದೆ. ಆದರೂ ಸಣ್ಣ ಗದ್ದೆಗಳಲ್ಲಿ ಹೆಣ್ಣಾಳುಗಳೇ ಸಾಲಾಗಿ ಬಗ್ಗಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ ನೆಡುತ್ತಾರೆ. ನಿಮ್ಮ 11 ವರ್ಷದ ಮಗು ಒಂದು ಸಾಲು ನೆಡಲಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಆಳುಗಳಿಗೆ ಅಂದು ಕೂಲಿ ಕೊಟ್ಟು ಕರೆಸಿರುತ್ತಾರೆ, ಸಂಜೆಯೊಳಗೆ ಗದ್ದೆ ಮುಗಿಯಬೇಕು ಅನ್ನುವುದು ನೆನಪಿರಲಿ. ಫೋಟೋಗಾಗಿ ಅವರನ್ನು ನಿಲ್ಲಿಸಬೇಡಿ. ಮೂಲೆಯಲ್ಲಿ ಒಂದು ಚೂರು ಜಾಗ ಮಕ್ಕಳಿಗೆ ಬಿಟ್ಟುಕೊಡಿ ಅಂತ ಮೊದಲೇ ಕೇಳಿಕೊಂಡರೆ ಆಯಿತು.

ಇನ್ನೊಂದು ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ. ನನಗೆ ಇದೇ ಜಾಸ್ತಿ ಇಷ್ಟ. ಭತ್ತ ಕೊಯ್ದಾಗಿರುತ್ತದೆ, ಹುಲ್ಲಿನ ಮೆದೆ ಎದ್ದಿರುತ್ತದೆ, ಅವರೆಕಾಯಿ ಕಾಲ, ಆಲೆಮನೆಗಳ ಹೊಗೆ ಕಾಣುತ್ತಿರುತ್ತದೆ, ಬಿಸಿಲಿಗೂ ಕಾವು ಕಡಿಮೆ. ಸಂಕ್ರಾಂತಿ ದಿನವೇ ಕರೆದರೆ ಬಿಡಲೇಬೇಡಿ. ಬೆಳಿಗ್ಗೆ ದನಕರುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕಿಚ್ಚು ಹಾಯಿಸುತ್ತಾರೆ. ಮೈಸೂರಿನ ಪಕ್ಕದ ಸಿದ್ಧಲಿಂಗಪುರದ ಕಿಚ್ಚು ನೋಡಲು ಜನ ಸೇರುತ್ತಾರಲ್ಲ, ಅದೇ ಹಬ್ಬ ಚಿಕ್ಕ ಊರುಗಳಲ್ಲೂ ನಡೆಯುತ್ತದೆ. ಸಣ್ಣವನನ್ನು ಮಾತ್ರ ಎತ್ತಿಕೊಂಡು ದೂರ ನಿಲ್ಲಿ. ಬೆಂಕಿ ಕಂಡು ಬೆದರಿದ ಎತ್ತು ಯಾವ ಕಡೆ ನುಗ್ಗುತ್ತದೆ ಅಂತ ಹೇಳಲಾಗದು.

ದಸರಾ ರಜೆಯಲ್ಲಿ ಹೋದರೂ ತೊಂದರೆಯಿಲ್ಲ. ಗದ್ದೆ ಹಸಿರಾಗಿರುತ್ತದೆ, ಮನೆಯವರಿಗೆ ಮಾತಾಡಲು ಬಿಡುವೂ ಇರುತ್ತದೆ. ಏಪ್ರಿಲ್, ಮೇ ಬೇಡ.

ಈಗ ಹುಳದ ಮನೆ. ನಿಮ್ಮ ಸ್ನೇಹಿತರ ಮನೆಯಲ್ಲಿ ರೇಷ್ಮೆ ಇದ್ದರೆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಪಾಠಶಾಲೆ ಬೇರೆ ಇಲ್ಲ. ಮೊಟ್ಟೆ ಒಡೆದ ದಿನದಿಂದ ಗೂಡು ಕಟ್ಟಲು ಶುರು ಮಾಡುವವರೆಗೆ ಸುಮಾರು 25 ದಿನ. ಅಷ್ಟರಲ್ಲಿ ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೇ ಜ್ವರ ಅನ್ನುವುದು. ಜ್ವರಕ್ಕೆ ಕೂತ ಹುಳ ತಲೆ ಎತ್ತಿ ಅಲುಗಾಡದೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ, ಆಗ ಅದನ್ನು ಕದಲಿಸಬಾರದು. ನಮ್ಮ ಕಡೆ ಹೆಚ್ಚಿನವರು ಎರಡನೇ ಜ್ವರ ಎದ್ದ ಚಾಕಿ ಹುಳ, ಅಂದರೆ ಎಳೆಯ ಹುಳ, ತಂದು ಸಾಕುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರವೇ ನೋಡಬೇಕಾದದ್ದು. ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿಯನ್ನು ಹುಳ ಆ ವಾರದಲ್ಲೇ ತಿನ್ನುತ್ತದೆ. ಮೇಯುವ ಸದ್ದು ಬಾಗಿಲಿಗೇ ಕೇಳಿಸುತ್ತದೆ. ಆಮೇಲೆ ಹುಳ ಹಣ್ಣಾಗುತ್ತದೆ. ಮೈ ಹೊಂಬಣ್ಣಕ್ಕೆ ತಿರುಗಿ ಹೊಳೆಯುತ್ತದೆ, ಆಗ ಗೂಡು ಕಟ್ಟುವ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡುತ್ತಾರೆ. ಒಂದು ಒಳ್ಳೆ ಗೂಡಿನ ನೂಲು ಬಿಚ್ಚಿದರೆ ಒಂದು ಕಿಲೋಮೀಟರಿನ ಆಸುಪಾಸು ಬರುತ್ತದೆ. ನನ್ನ ಗೆಳತಿಯ ಮಗಳು ಇದನ್ನು ಕೇಳಿ ಗೂಡನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ತಿರುಗಿಸಿ ನೋಡುತ್ತಾ ಕೂತಿದ್ದಳು.

ಆದರೆ ಆ ಮನೆಯೊಳಗೆ ಸುಮ್ನೆ ನುಗ್ಗುವ ಹಾಗಿಲ್ಲ. ಹೊರಗಿನವರ ಕಾಲಲ್ಲಿ, ಕೈಯಲ್ಲಿ ಹುಳಕ್ಕೆ ರೋಗ ಬರುತ್ತದೆ. ಬಾಗಿಲಲ್ಲೇ ನಿಂತು ನೋಡಿ ಅಂದರೆ ಅಲ್ಲೇ ನಿಲ್ಲಿ, ಬೇಸರ ಮಾಡಿಕೊಳ್ಳಬೇಡಿ. ಒಳಗೆ ಕರೆದರೆ ಕೈಕಾಲು ತೊಳೆದು, ಅವರು ಇಟ್ಟಿರುವ ಚಪ್ಪಲಿ ಹಾಕಿಕೊಂಡು ಹೋಗಿ. ಸೆಂಟು, ಸೊಳ್ಳೆಬತ್ತಿ, ಬೀಡಿ ಸಿಗರೇಟು ಹತ್ತಿರವೂ ಸುಳಿಯಬಾರದು. ತಂಬಾಕು ಹುಳಕ್ಕೆ ವಿಷ. ಮಕ್ಕಳ ಕೈಗೆ ಸೊಳ್ಳೆ ಕ್ರೀಮ್ ಹಚ್ಚಿದ್ದರೆ ಸೊಪ್ಪು ಮುಟ್ಟಿಸಬೇಡಿ. ಒಂದು ಬೆಳೆ ಹುಳ ಸತ್ತರೆ ಆ ಮನೆಯ ಒಂದು ತಿಂಗಳ ದುಡಿಮೆ ಹೋದ ಹಾಗೆ. ಮಕ್ಕಳಿಗೂ ಇದನ್ನು ಹೋಗುವ ಮುಂಚೆಯೇ ಹೇಳಿ. ಅವರಿಗೆ ಅರ್ಥವಾಗುತ್ತದೆ.

ಆಲೆಮನೆ ಊರಲ್ಲಿ ಅಥವಾ ಪಕ್ಕದ ಊರಲ್ಲಿ ಇದ್ದೇ ಇರುತ್ತದೆ. ಮೊದಲೇ ಹೇಳಿಸಿಟ್ಟರೆ ಕೊಪ್ಪರಿಗೆ ಇಳಿಸುವ ಹೊತ್ತಿಗೆ ಹೋಗಬಹುದು. ಗಾಣದಲ್ಲಿ ಕಬ್ಬಿನ ಹಾಲು ಹಿಂಡಿ, ಕೊಪ್ಪರಿಗೆಗೆ ಬಿಟ್ಟು, ಹಿಂಡಿ ಉಳಿದ ಸಿಪ್ಪೆ, ಅಂದರೆ ರಚ್ಚನ್ನೇ ಒಲೆಗೆ ಉರಿಸುತ್ತಾರೆ. ಕಸ ಮೇಲೆ ಬರಲಿ ಅಂತ ಸುಣ್ಣ ಹಾಕುತ್ತಾರೆ, ಕೆಲವರು ಬೆಂಡೆ ಗಿಡದ ಲೋಳೆಯನ್ನೂ ಹಾಕುತ್ತಾರೆ. ನೂರು ಕೆಜಿ ಕಬ್ಬಿಗೆ ಹತ್ತು ಕೆಜಿ ಬೆಲ್ಲದ ಲೆಕ್ಕ. ಅಚ್ಚಿಗೆ ಹೊಯ್ಯುವ ಮುಂಚೆ ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿ ಕೊಡುತ್ತಾರೆ, ಆರಿಸಿ ತಿನ್ನಿಸಿ. ಕೊಪ್ಪರಿಗೆಯ ಕಟ್ಟೆ ಹತ್ತಲು ಮಕ್ಕಳನ್ನು ಬಿಡಬೇಡಿ. ಕೊಳ್ಳುವಾಗ ಹಳದಿಯಾಗಿ ಮಿರಮಿರ ಮಿಂಚುವ ಬೆಲ್ಲ ಬೇಡ. ಆ ಬಣ್ಣ ಬರಲೆಂದು ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುವವರಿದ್ದಾರೆ. ಕಂದು ಬಣ್ಣದ್ದು, ನೋಡಲು ಅಷ್ಟೇನೂ ಚೆನ್ನಾಗಿಲ್ಲದ್ದು, ಅದನ್ನು ಕೇಳಿ ತೆಗೆದುಕೊಳ್ಳಿ.

ಮಕ್ಕಳಿಗೆ ಹೊತ್ತು ಹೋಗುತ್ತಾ ಅಂದಿರಿ. ಒಂದು ರಾತ್ರಿಯಾದರೂ ಉಳಿದರೆ ಹೋಗುತ್ತದೆ. ಬೆಳಿಗ್ಗೆ ಬಂದು ಊಟ ಮಾಡಿ ಸಂಜೆಗೆ ಹೊರಟರೆ ಮನೆಯಾಕೆ ಒಲೆ ಮುಂದೆಯೇ ಇರುತ್ತಾರೆ, ನೀವು ಕುರ್ಚಿ ಮೇಲೆಯೇ ಇರುತ್ತೀರಿ, ಜಮೀನು ಯಾರೂ ನೋಡುವುದಿಲ್ಲ. ಉಳಿದರೆ ಮುಂಜಾನೆ ಹಾಲು ಕರೆಯುವಾಗ ಮಕ್ಕಳನ್ನು ಎಬ್ಬಿಸಿ. ಕ್ಯಾನ್ ಹಿಡಿದು ಊರಿನ ಡೈರಿಗೆ ನಡೆಯಲಿ. ಅಲ್ಲಿ ಸಾಲು ನಿಂತು, ಹಾಲು ಅಳೆದು, ಫ್ಯಾಟ್ ನೋಡಿ, ಪುಸ್ತಕಕ್ಕೆ ಬರೆಸಿಕೊಂಡು ಬರಲಿ. ನೀವು ಬೆಂಗಳೂರಿನಲ್ಲಿ ಕತ್ತರಿಸುವ ಪ್ಯಾಕೆಟ್ಟು ಇಂಥದೇ ಸಾಲಿನಿಂದ ಶುರುವಾಗಿದ್ದು ಅಂತ ದೊಡ್ಡವನಿಗೆ ತಾನಾಗೇ ಹೊಳೆಯುತ್ತದೆ.

ಹಿರಿಯರು ಕೂತಿದ್ದಾಗ ಲೆಕ್ಕದ ಮಾತನ್ನೂ ಕೇಳಿ, ಸಂಕೋಚ ಬೇಡ. 'ಎಕರೆಗೆ ಎಷ್ಟು ಕೊಡ್ತಾರೆ?' ಅಂತ ಜಮೀನಿನ ರೇಟು ಕೇಳುವವರು ಬಹಳ, ಅದು ಯಾರಿಗೂ ಹಿಡಿಸುವುದಿಲ್ಲ. ಕಬ್ಬು ಹೇಗೆ ಅಂತ ಕೇಳಿ. ನೆಟ್ಟು ಸುಮಾರು ಒಂದು ವರ್ಷ ಕಾಯಬೇಕು, ಕಟಾವಿಗೆ ಕಾರ್ಖಾನೆಯಿಂದ ಸರದಿ ಬರಬೇಕು, ತಡವಾದಷ್ಟೂ ಕಬ್ಬು ಒಣಗಿ ತೂಕ ಇಳಿಯುತ್ತದೆ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು ಅಂತ ಕಾನೂನಿದೆ. ತಿಂಗಳುಗಟ್ಟಲೆ ಬಾರದ ವರ್ಷಗಳನ್ನು ನಮ್ಮ ಮನೆ ಕಂಡಿದೆ. ಹಸು, ಹುಳ ಎರಡೂ ಯಾಕೆ ಬೇಕು ಅಂದರೆ ಇದಕ್ಕೇ. ಹಾಲಿನ ದುಡ್ಡು ಕೈಖರ್ಚಿಗೆ, ಗೂಡಿನ ದುಡ್ಡು ಮಕ್ಕಳ ಫೀಜಿಗೆ, ಕಬ್ಬಿನ ದುಡ್ಡು ಸಾಲಕ್ಕೆ. ಎರಡೂವರೆ ಎಕರೆಯಲ್ಲಿ ಸಂಸಾರ ನಿಲ್ಲಿಸುವುದಕ್ಕೆ ಎಷ್ಟು ಬುದ್ಧಿ ಬೇಕು ಅನ್ನುವುದನ್ನು ನಿಮ್ಮ ಮಕ್ಕಳು ಅಲ್ಲೇ ಕೂತು ಕೇಳಲಿ ಅನ್ನುವುದು ನನ್ನ ಆಸೆ.

ಊಟಕ್ಕೆ ಮುದ್ದೆ ಇರುತ್ತದೆ. ಅವರೆಕಾಳಿನ ಉಪ್ಸಾರು ಮಾಡಿಸಿಕೊಳ್ಳಿ. ಕಾಳು ಬೆಂದ ಕಟ್ಟು ಬೇರೆ, ಅರೆದ ಖಾರ ಬೇರೆ ಇಡುತ್ತಾರೆ. ಹಾಗಾಗಿ ಸಣ್ಣ ಮಗುವಿಗೆ ಖಾರವಿಲ್ಲದೆಯೇ ಉಣ್ಣಿಸಬಹುದು. ಮುದ್ದೆ ಅಗಿಯದೆ ನುಂಗಬೇಕು ಅಂತ ಅಜ್ಜಿಯರು ಕಲಿಸುತ್ತಾರೆ. ಮುದ್ದೆ ತಿನ್ನುವಾಗ ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರವನ್ನು ನೆನಪಿಸಿಕೊಳ್ಳಿ. ನಮ್ಮ ದೇಶದ ರಾಗಿಗೂ ಆಫ್ರಿಕಾದ ರಾಗಿಗೂ ಬೆರಕೆ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟ 'ರಾಗಿ ಲಕ್ಷ್ಮಣಯ್ಯ' ಕೆಲಸ ಮಾಡಿದ್ದು ಅಲ್ಲೇ. ನೆಂಟರು ಬಂದರೆ ನಾಟಿ ಕೋಳಿ ಕೊಯ್ಯುತ್ತಾರೆ. ನೀವು ತಿನ್ನುವುದಿಲ್ಲವಾದರೆ ಹಿಂದಿನ ದಿನವೇ ಹೇಳಿಬಿಡಿ. ಸೋಮವಾರ, ಶನಿವಾರ ಮಾಂಸ ಮಾಡದ ಮನೆಗಳೂ ಜಾಸ್ತಿ, ಅದನ್ನೂ ಕೇಳಿಕೊಳ್ಳಿ. 'ಇನ್ನರ್ಧ ಇಕ್ಕುಸ್ಕೊ ಕಣವ್ವ' ಅಂದಾಗ ಬೇಡವೇ ಬೇಡ ಅನ್ನಬೇಡಿ, ಮೊದಲ ಸಲ ಕಡಿಮೆ ಹಾಕಿಸಿಕೊಂಡು ಎರಡನೇ ಸಲಕ್ಕೆ ಜಾಗ ಇಟ್ಟುಕೊಳ್ಳಿ.

ಭಯದ ಮಾತು ಎರಡು ಹೇಳಲೇಬೇಕು. ನಾಲೆ ನೋಡಲು ಶಾಂತವಾಗಿರುತ್ತದೆ, ಒಳಗೆ ಸೆಳೆತ ಜೋರು, ಸಿಮೆಂಟಿನ ಇಳಿಜಾರಿನಲ್ಲಿ ಪಾಚಿ, ಹಿಡಿಯಲು ಏನೂ ಇರುವುದಿಲ್ಲ. ಈಜು ಬಂದರೂ ಇಳಿಯಬೇಡಿ. ನಾಲೆ ಏರಿಯ ರಸ್ತೆಯಲ್ಲಿ ಕತ್ತಲಾದ ಮೇಲೆ ಕಾರು ಓಡಿಸಬೇಡಿ. 2018ರ ನವೆಂಬರಿನಲ್ಲಿ ನಮ್ಮ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದರು, ಶಾಲೆಯಿಂದ ಮನೆಗೆ ಹೊರಟ ಮಕ್ಕಳೂ ಅದರಲ್ಲಿದ್ದರು. ಈಗಲೂ ಆ ದಾರಿಯಲ್ಲಿ ಹೋಗುವಾಗ ನನಗೆ ಎದೆ ಭಾರವಾಗುತ್ತದೆ. ಇನ್ನೊಂದು, ಸಂಜೆ ಮೇಲೆ ಕಬ್ಬಿನ ಗದ್ದೆ ಪಕ್ಕ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ಚಿರತೆ ಕಬ್ಬಿನೊಳಗೇ ಮರಿ ಹಾಕುತ್ತದೆ, ಕಟಾವಿನ ಆಳುಗಳಿಗೆ ಮರಿ ಸಿಗುವುದು ಇಲ್ಲಿ ಹೊಸದೇನಲ್ಲ.

ತುಂಬು ತೋಳಿನ ಹಳೇ ಬಟ್ಟೆ ಇರಲಿ, ಕಬ್ಬಿನ ಗರಿ ಮೈ ಕೊಯ್ಯುತ್ತದೆ. ಗದ್ದೆಯ ತೆವರಿ, ಅಂದರೆ ಬದುವಿನ ಮೇಲೆ ಬರಿಗಾಲೇ ವಾಸಿ.

ಕೊನೆಗೆ ದುಡ್ಡು. ಉಳಿದದ್ದಕ್ಕೆ, ಉಂಡದ್ದಕ್ಕೆ ಅಂತ ನೋಟು ಎಣಿಸಬೇಡಿ, ಅವರಿಗೆ ಅವಮಾನವಾಗುತ್ತದೆ. ಹೋಗುವಾಗ ಹಣ್ಣು, ಹೂವು, ಅಜ್ಜಿಗೆ ಎಲೆ ಅಡಿಕೆ, ಮಕ್ಕಳಿದ್ದರೆ ಓದುವ ಪುಸ್ತಕ ಸಾಕು. ಹೊರಡುವಾಗ ಅಕ್ಕಿ, ತೆಂಗಿನಕಾಯಿ, ಅವರೆಕಾಯಿ ಕಾರಿಗೆ ತುಂಬುತ್ತಾರೆ. ಅದನ್ನು ಬೇಡ ಅನ್ನಬೇಡಿ. ಆಮೇಲೆ ಮನೆಗೆ ಹೋಗಿ ಒಂದು ವಾರ ಬಿಟ್ಟು ಫೋನ್ ಮಾಡಿ, 'ನಮಗೆ ವರ್ಷಕ್ಕೆ ಇಷ್ಟು ಅಕ್ಕಿ, ಇಷ್ಟು ಬೆಲ್ಲ ಬೇಕು, ಅಂಗಡಿಯಲ್ಲಿ ಕೊಡುವ ರೇಟನ್ನೇ ನಿಮಗೆ ಕೊಡ್ತೀವಿ' ಅಂತ ಹೇಳಿ. ನನ್ನ ಇಬ್ಬರು ಗೆಳತಿಯರು ಹೀಗೇ ಮಾಡಿದರು. ಈಗ ಭತ್ತ ಗದ್ದೆಯಲ್ಲಿರುವಾಗಲೇ ಅತ್ತಿಗೆ ಅವರ ಪಾಲಿನ ಮೂಟೆ ಲೆಕ್ಕ ಹಾಕಿ ತೆಗೆದಿಡುತ್ತಾರೆ.