ಗೇಟಿನ ಮುಂದೆ ದಿನಾ ನಾಯಿ ಗಲೀಜು, ಏನು ಮಾಡಲಿ?

ಮೈಸೂರಿನಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಅವರ ಪತ್ರ ನಾಲ್ಕು ಪುಟ ಇತ್ತು, ಇಲ್ಲಿ ಕೊಟ್ಟಿರುವುದು ಅದರ ಸಾರ.

“ಬೆಳಿಗ್ಗೆ ಐದೂವರೆಗೆ ಎದ್ದು ಗೇಟಿನ ಮುಂದೆ ಗುಡಿಸಿ, ನೀರು ಹಾಕಿ, ರಂಗೋಲಿ ಬಿಡುವುದು ಮದುವೆಯಾಗಿ ಬಂದಾಗಿನಿಂದ ನನ್ನ ರೂಢಿ. ಎದುರು ಸಾಲಿನ ಮೂರನೇ ಮನೆಯವರು ಎರಡು ವರ್ಷದಿಂದ ಲ್ಯಾಬ್ರಡಾರ್ ಸಾಕಿದ್ದಾರೆ. ಆರೂವರೆ ಹೊತ್ತಿಗೆ ಅವರ ಮನೆ ಕೆಲಸದ ಹುಡುಗ, ಇಪ್ಪತ್ತು ವರ್ಷ ಇರಬಹುದು, ಅದನ್ನು ಹಿಡಿದುಕೊಂಡು ಬರುತ್ತಾನೆ. ವಾರದಲ್ಲಿ ನಾಲ್ಕು ದಿನ ನಮ್ಮ ಗೇಟಿನ ಮುಂದೆಯೇ ಆಗುತ್ತದೆ. ಹುಡುಗನಿಗೆ ಬೈದೆ, ತಲೆ ತಗ್ಗಿಸಿಕೊಂಡು ಹೋದ, ಮಾರನೆ ದಿನ ಮತ್ತದೇ. ಮನೆಯಾಕೆಗೆ ಹೇಳಿದರೆ ‘ಬೀದಿ ನಾಯಿಗಳೂ ಓಡಾಡ್ತವಲ್ಲ ಆಂಟಿ, ನಮ್ಮ ಬ್ರೂನೋದೇ ಅಂತ ಹೇಗೆ ಹೇಳ್ತೀರಾ?’ ಅಂದರು. ನೀಲಿ ನೀರಿನ ಬಾಟಲಿ ಇಟ್ಟೆ, ಖಾರದ ಪುಡಿ ಉದುರಿಸಿದೆ. ನುಸಿಗುಳಿಗೆ ಹಾಕಿ ನೋಡಿ ಅನ್ನುತ್ತಾರೆ ಪಕ್ಕದವರು. ನಮ್ಮ ಯಜಮಾನರಂತೂ ಅದನ್ನೆತ್ತಿ ಅವರ ಕಾಂಪೌಂಡಿಗೇ ಎಸೆಯುತ್ತೇನೆ ಎಂದು ನಿಂತಿದ್ದಾರೆ. ಪೊಲೀಸರಿಗೆ ಹೇಳಬಹುದೇ? ನಾನೇನೂ ನಾಯಿ ಕಂಡರೆ ಆಗದವಳಲ್ಲ.”

ಮೇಡಂ, ನುಸಿಗುಳಿಗೆಯ ಮಾತನ್ನು ಮೊದಲು ಮುಗಿಸಿಬಿಡೋಣ. ದಯವಿಟ್ಟು ಹಾಕಬೇಡಿ. ಅದರಲ್ಲಿರುವ ನ್ಯಾಫ್ತಲೀನ್ ನಾಯಿಗೆ ವಿಷ. ನುಂಗಿದರೆ ರಕ್ತದ ಕೆಂಪು ಕಣಗಳು ಒಡೆದುಹೋಗುತ್ತವೆ, ಯಕೃತ್ತಿಗೂ ಪೆಟ್ಟು ಬೀಳುತ್ತದೆ. ರಸ್ತೆಯಲ್ಲಿ ಆಡುವ ಮಗು ಪೆಪ್ಪರಮೆಂಟು ಅಂದುಕೊಂಡು ಬಾಯಿಗೆ ಹಾಕಿಕೊಂಡರೂ ಅದೇ ಅಪಾಯ. ಪ್ರಾಣಿಗೆ ವಿಷವಿಕ್ಕಿ ಕೊಂದರೆ ಅಥವಾ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನ ಪ್ರಕಾರ 5 ವರ್ಷದವರೆಗೆ ಜೈಲು ಶಿಕ್ಷೆ ಇದೆ. ಇಲ್ಲಿಯತನಕ ತಪ್ಪು ಅವರ ಕಡೆ ಇದೆ. ನಾಲ್ಕು ಗುಳಿಗೆ ಉದುರಿಸಿದರೆ ಅದು ಪೂರ್ತಿಯಾಗಿ ನಿಮ್ಮ ಕಡೆಗೆ ಬರುತ್ತದೆ. ಖಾರದ ಪುಡಿಯನ್ನೂ ನಿಲ್ಲಿಸಿ. ಪ್ರಾಣಿಯ ಮೂಗು, ಕಣ್ಣು ಉರಿಸಿ ನಿಮಗೆ ಸಮಾಧಾನ ಸಿಗುವುದಿಲ್ಲ ಎಂಬುದು ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಗೊತ್ತಾಗುತ್ತದೆ.

ನೀಲಿ ಬಾಟಲಿಯ ವಿಷಯ. ಉಜಾಲಾ ಬೆರೆಸಿದ ನೀರನ್ನು ಬಾಟಲಿಗೆ ತುಂಬಿ ಗೇಟಿಗೆ ಕಟ್ಟುವುದನ್ನು ಊರೂರಲ್ಲೂ ನೋಡಿದ್ದೇನೆ. ಕುಂಕುಮ ಕದಡಿ ಕೆಂಪು ನೀರು ಇಡುವವರೂ ಇದ್ದಾರೆ. ನಾಯಿಯ ಕಣ್ಣಿಗೆ ನೀಲಿ ಚೆನ್ನಾಗಿ ಕಾಣುತ್ತದೆ, ಕೆಂಪು ಅಷ್ಟಾಗಿ ಕಾಣದು. ಎರಡಕ್ಕೂ ಅದು ಹೆದರುವುದಿಲ್ಲ. ಅದು ನಂಬುವುದು ಮೂಗನ್ನು. ಒಮ್ಮೆ ಕೂತ ಜಾಗದ ವಾಸನೆ ಉಳಿದಿದ್ದರೆ ಮತ್ತೆ ಅಲ್ಲಿಗೇ ಎಳೆಯುತ್ತದೆ. ನೀವು ಬರೀ ನೀರು ಸುರಿದು ತೊಳೆಯುತ್ತಿದ್ದರೆ ಸಾಲದು. ಸೋಪಿನ ಪುಡಿ ಹಾಕಿ, ಕಡ್ಡಿ ಪೊರಕೆಯಲ್ಲಿ ಚೆನ್ನಾಗಿ ಉಜ್ಜಿ, ಬಿಸಿಲಿಗೆ ಒಣಗಲು ಬಿಡಿ. ಒಂದೆರಡು ವಾರ ಬಿಡದೆ ಹೀಗೆ ಮಾಡಿದರೆ ಎಳೆತ ಕಡಿಮೆಯಾಗುತ್ತದೆ.

ಯಜಮಾನರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅವರು ಕಾಂಪೌಂಡಿನೊಳಗೆ ಎಸೆದರೆ ಅದನ್ನು ಎತ್ತುವವರು ಯಾರು? ಅದೇ ಹುಡುಗ.

ಇಡೀ ಪತ್ರದಲ್ಲಿ ನನ್ನ ಮನಸ್ಸು ನಿಂತದ್ದು ಆ ಹುಡುಗನ ಹತ್ತಿರ. ಅವನಿಗೆ ಸಿಕ್ಕಿರುವ ಅಪ್ಪಣೆ ಏನಿರಬಹುದು ಯೋಚಿಸಿ. “ಹೊರಗೆ ಕರ್ಕೊಂಡು ಹೋಗಿ ಮಾಡಿಸ್ಕೊಂಡು ಬಾ.” ಅಷ್ಟೇ. ಕೈಗೆ ಒಂದು ಪೇಪರ್ ಕೊಟ್ಟಿಲ್ಲ. ಎತ್ತಿದರೆ ಎಲ್ಲಿ ಹಾಕಬೇಕು ಎಂದು ಹೇಳಿಲ್ಲ. ಅವನಾಗಿಯೇ ಎತ್ತಿಕೊಂಡು ಹೋದ ಅನ್ನೋಣ, ಆ ಮನೆಯ ಟಾಯ್ಲೆಟ್ಟಿಗೆ ಹೋಗಿ ಸುರಿಯಲು ಅವನನ್ನು ಒಳಗೆ ಬಿಡುತ್ತಾರೆಯೇ? ಕೆಲಸದವರು ಟಾಯ್ಲೆಟ್ ಬಳಸುವುದಕ್ಕೇ ಬಿಡದ ಮನೆಗಳು ನಮ್ಮ ಬಡಾವಣೆಗಳಲ್ಲಿ ಎಷ್ಟಿವೆ ಎಂದು ನಿಮಗೂ ಗೊತ್ತು. ಇನ್ನು ಆ ಮನೆಯಾಕೆ. ಬೆಳಿಗ್ಗೆ ಆರೂವರೆಗೆ ತಮ್ಮ ನಾಯಿ ಎಲ್ಲಿ ಕೂರುತ್ತದೆ ಎಂಬುದನ್ನು ಅವರು ಒಂದು ದಿನವೂ ಕಣ್ಣಾರೆ ಕಂಡಿರಲಾರರು. ಅವರ ಪಾಲಿಗೆ ಬ್ರೂನೋ ಹೊರಗೆ ಹೋಗಿ ಹಗುರಾಗಿ ವಾಪಸು ಬರುವ ನಾಯಿ. ನೀವು ಹೋಗಿ ಹೇಳಿದಾಗ ಅವರಿಗೆ ಕೇಳಿಸಿದ್ದು ದೂರು ಮಾತ್ರ, ಅದಕ್ಕೇ ಬೀದಿ ನಾಯಿಯ ಹೆಸರು ಹೇಳಿ ತಪ್ಪಿಸಿಕೊಂಡರು.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಹಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲೂ ಒಂದು ನಾಯಿ ಇತ್ತು. ಜಾತಿ ನಾಯಿಯಲ್ಲ, ಮಳೆಯಲ್ಲಿ ನೆನೆಯುತ್ತಿದ್ದ ಕಂದು ಮರಿಯನ್ನು ಮಗಳು ಎತ್ತಿಕೊಂಡು ಬಂದಿದ್ದಳು. ನಾನೇ ಬೆಳಿಗ್ಗೆ ಕರೆದುಕೊಂಡು ಹೋಗುತ್ತಿದ್ದೆ. ಬೀದಿ ಕೊನೆಯ ಖಾಲಿ ಸೈಟಿನ ಪಕ್ಕ, ಫುಟ್‌ಪಾತಿನ ಅಂಚಿನಲ್ಲಿ ಅದು ಕೂರುತ್ತಿತ್ತು. ನಾನು ಬೇರೆ ಕಡೆ ನೋಡುತ್ತ ನಿಲ್ಲುತ್ತಿದ್ದೆ. ಮಣ್ಣಿಗೆ ಸೇರಿಹೋಗುತ್ತದೆ ಎಂದುಕೊಂಡಿದ್ದೆ. ಒಂದು ದಿನ ಹಾಲು ತರಲೆಂದು ಅದೇ ದಾರಿಯಲ್ಲಿ ಮತ್ತೆ ಹೋದೆ. ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಮಹಿಳೆ ಅಲ್ಲಿ ಬಗ್ಗಿದ್ದರು. ಪೊರಕೆಯಿಂದ ತಳ್ಳಿದರೆ ನೆಲಕ್ಕೆಲ್ಲ ಮೆತ್ತಿಕೊಳ್ಳುತ್ತದೆ, ಪೊರಕೆಗೂ ಅಂಟಿಕೊಳ್ಳುತ್ತದೆ. ಅದಕ್ಕೆ ಅವರು ಕಾಡುಬಾದಾಮಿ ಮರದ ಉದುರಿದ ಎರಡು ಅಗಲ ಎಲೆ ಆರಿಸಿಕೊಂಡು, ಸೆರಗನ್ನು ಮೂಗಿಗೆ ಒತ್ತಿ ಹಿಡಿದು, ಒಂದು ಎಲೆಯಿಂದ ಇನ್ನೊಂದಕ್ಕೆ ತಳ್ಳಿಕೊಳ್ಳುತ್ತಿದ್ದರು. ಎಲೆ ಒಣಗಿತ್ತು, ಮಧ್ಯಕ್ಕೆ ಸೀಳಿತು. ಬೆರಳು ಒರೆಸಿಕೊಳ್ಳಲು ಅವರು ಅಕ್ಕಪಕ್ಕ ನೋಡಿದರು, ಏನೂ ಇರಲಿಲ್ಲ, ಮಣ್ಣಿಗೆ ಉಜ್ಜಿಕೊಂಡರು. ಆಮೇಲೆ ನನ್ನನ್ನು ಕಂಡು “ವಾಕಿಂಗಾ ಸಾರ್?” ಎಂದು ನಕ್ಕರು. ಅದು ನಮ್ಮ ನಾಯಿಯದು ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಮಾರನೆ ದಿನದಿಂದ ಪೇಪರ್ ಹಿಡಿದುಕೊಂಡು ಹೋಗತೊಡಗಿದೆ. ಅವತ್ತು ಹೇಳದೆ ಬಂದದ್ದು ಇವತ್ತಿಗೂ ಮನಸ್ಸಿನಲ್ಲಿದೆ.

ಮನುಷ್ಯರು ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲೇ ನಿಲ್ಲಿಸಲು ಹೊರಟ ರಾಜ್ಯ ನಮ್ಮದು. ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಅದಕ್ಕೆ ಮುಂದಾದವರು. ಆಮೇಲೆ 2013ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಬಂತು. ಅದು ಹೇಳುವುದು ಮನುಷ್ಯರ ಮಲದ ವಿಚಾರ, ನಾಯಿಯದರ ವಿಚಾರ ಅದರಲ್ಲಿಲ್ಲ. ಆದರೆ ಬಗ್ಗುವ ಬೆನ್ನು ಅದೇ ಬೆನ್ನು. ನಿಮ್ಮ ಗೇಟಿನ ಮುಂದಿನದನ್ನು ನೀವು ತೊಳೆಯುತ್ತೀರಿ, ಮುಂದಿನ ಐವತ್ತು ಅಡಿ ಯಾರು ತೊಳೆಯುತ್ತಾರೆ?

ಆ ಮನೆಗೆ ಹೋಗಿ ಮತ್ತೊಮ್ಮೆ ಮಾತಾಡಿ ಎಂಬುದೇ ನನ್ನ ಸಲಹೆ. ಕೈಯಲ್ಲಿ ನೀರಿನ ಬಕೆಟ್ಟು ಹಿಡಿದು ಸಿಟ್ಟಿನಲ್ಲಿರುವ ಬೆಳಗಿನ ಹೊತ್ತಿನಲ್ಲಿ ಬೇಡ. ಭಾನುವಾರ ಹನ್ನೊಂದು ಗಂಟೆಗೆ, ಅವರು ಕಾಫಿ ಕೊಡುವ ಹೊತ್ತಿಗೆ ಹೋಗಿ. ಗಲೀಜು ಯಾರ ನಾಯಿಯದು ಎಂಬ ವಾದವನ್ನೇ ಎತ್ತಬೇಡಿ. ಹೀಗೆ ಹೇಳಿ ನೋಡಿ: “ಬೀದಿ ನಾಯೀದು ಇದ್ರೆ ನಾನೇ ಎತ್ತಿ ಹಾಕ್ತೀನಮ್ಮ. ಬ್ರೂನೋದು ಮಾತ್ರ ಎತ್ತೋಕೆ ಹುಡುಗನಿಗೆ ಪೇಪರ್ ಕೊಟ್ಟು ಕಳಿಸಿ.” ಇದಕ್ಕೆ ಆಗುವುದಿಲ್ಲ ಎನ್ನುವುದು ಕಷ್ಟ.

ಅವರು ನಾಯಿಯನ್ನು ಪ್ರೀತಿಸುವವರೇ ಆಗಿದ್ದರೆ ಪಾರ್ವೊ ಕಾಯಿಲೆಯ ಮಾತನ್ನೂ ತೆಗೆಯಿರಿ. ಮರಿಗಳನ್ನು ರಕ್ತಭೇದಿ ಮಾಡಿಸಿ ಕೊಲ್ಲುವ ಈ ವೈರಸ್ಸು ಹರಡುವುದು ಕಾಯಿಲೆ ಬಿದ್ದ ನಾಯಿಯ ಮಲದಿಂದ. ನೆಲದಲ್ಲಿ ತಿಂಗಳುಗಟ್ಟಲೆ ಜೀವಂತ ಇರುತ್ತದೆ, ಚಪ್ಪಲಿಗೆ ಅಂಟಿಕೊಂಡು ಮನೆಯೊಳಗೂ ಬರುತ್ತದೆ. “ಸಗಣಿ ಥರ ಗೊಬ್ಬರ ಆಗುತ್ತೆ ಬಿಡಿ” ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಹಸು ಹುಲ್ಲು ತಿನ್ನುವ ಪ್ರಾಣಿ. ನಾಯಿಯ ಹೊಟ್ಟೆಯಲ್ಲಿ ಟಾಕ್ಸೊಕಾರ ಎಂಬ ದುಂಡುಹುಳ ಇರಬಹುದು. ಅದರ ಮೊಟ್ಟೆ ಮಲದ ಜೊತೆ ಹೊರಗೆ ಬಿದ್ದು, ಎರಡರಿಂದ ನಾಲ್ಕು ವಾರ ಮಣ್ಣಿನಲ್ಲಿದ್ದು, ಆಮೇಲೆ ಸೋಂಕು ಅಂಟಿಸುವ ಸ್ಥಿತಿಗೆ ಬರುತ್ತದೆ. ಮಣ್ಣಿನಲ್ಲಿ ಆಡಿ ಕೈ ತೊಳೆಯದೆ ಬಾಯಿಗಿಟ್ಟುಕೊಳ್ಳುವ ಮಕ್ಕಳ ಹೊಟ್ಟೆ ಸೇರಿ, ಅಪರೂಪಕ್ಕೆ ಕಣ್ಣಿಗೂ ಹೋಗಿ ದೃಷ್ಟಿ ಕೆಡಿಸುತ್ತದೆ. ಕೊಕ್ಕೆಹುಳದ ಮರಿ ಬರಿಗಾಲಿನ ಚರ್ಮದಿಂದಲೇ ಒಳಗೆ ಹೋಗುತ್ತದೆ. ಬಿದ್ದ ತಕ್ಷಣ ಎತ್ತಿದರೆ ಈ ಹುಳಗಳಿಗೆ ಬೆಳೆಯಲು ಸಮಯವೇ ಸಿಗುವುದಿಲ್ಲ. ದೊಡ್ಡ ನಾಯಿಗೆ ಸುಮಾರು ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧ ಹಾಕಿಸುತ್ತಾರೆ. ಬ್ರೂನೋಗೆ ಹಾಕಿಸಿ ಎಷ್ಟು ದಿನವಾಯಿತು ಎಂದು ಪ್ರೀತಿಯಿಂದಲೇ ಕೇಳಿ.

ಎತ್ತುವುದು ದೊಡ್ಡ ವಿದ್ಯೆಯೇನಲ್ಲ. ನಾಯಿ ಸುತ್ತು ಹಾಕಿ ಬೆನ್ನು ಬಾಗಿಸುತ್ತಿದ್ದ ಹಾಗೆಯೇ ಹಿಂದೆ ಪೇಪರ್ ಜಾರಿಸಬೇಕು. ನಾಲ್ಕು ದಿನದಲ್ಲಿ ನಾಯಿಗೂ ರೂಢಿಯಾಗುತ್ತದೆ, ನೆಲಕ್ಕೆ ಒಂದು ಚೂರೂ ತಾಗುವುದಿಲ್ಲ. ಮನೆಗೆ ಒಯ್ದು ಟಾಯ್ಲೆಟ್ಟಿಗೆ ಜಾರಿಸಿ ನೀರು ಬಿಡಬೇಕು. ಪೇಪರನ್ನು ಅದರೊಳಗೆ ಹಾಕಬಾರದು, ಬೇರೆಯಾಗಿ ಸುತ್ತಿ ಡೈಪರ್ ಕೊಡುವ ಹಾಗೆ ಗುರುತು ಮಾಡಿ ಕಸದವರಿಗೆ ಕೊಡಬೇಕು. ಹಸಿ ಕಸದ ಬಕೆಟ್ಟಿಗೆ ಹಾಕಿದರೆ ಅದನ್ನೂ ಕೈಯಲ್ಲಿ ಬೇರ್ಪಡಿಸುವವರು ಇದ್ದಾರೆ. ಹೋಗುವಾಗ ನಿಮ್ಮ ಮನೆಯ ಹಳೆಯ ಪೇಪರಿನ ಒಂದು ಕಟ್ಟು ತೆಗೆದುಕೊಂಡು ಹೋಗಿ ಕೊಡಿ. ಹುಡುಗನಿಗೆ ಮನೆಯ ಹೊರಗಿನ ಟಾಯ್ಲೆಟ್ಟನ್ನಾದರೂ ಬಿಟ್ಟುಕೊಡಿ ಎಂದೂ ಹೇಳಿ. ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಿ.

ಪೊಲೀಸರಿಗೆ ಹೋಗಬಹುದೇ ಎಂದು ಕೇಳಿದ್ದೀರಿ. ಕಾನೂನಿನಲ್ಲಿ ದಾರಿ ಇದೆ. ಸಾರ್ವಜನಿಕ ಉಪದ್ರವಕ್ಕೆ ನ್ಯಾಯ ಸಂಹಿತೆಯ 292ನೇ ಕಲಮಿನಲ್ಲಿ 1000 ರೂಪಾಯಿಯವರೆಗೆ ದಂಡ ಇದೆ. ಆದರೆ ಠಾಣೆಯಿಂದ ಕರೆ ಬಂದರೆ ಮೊದಲು ಹೋಗಿ ನಿಲ್ಲುವವನು ಹಗ್ಗ ಹಿಡಿದ ಹುಡುಗ. ಆದ್ದರಿಂದ ನಾನು ಬೇಡ ಎನ್ನುತ್ತೇನೆ. ಬಡಾವಣೆಯ ಸಂಘದವರೇ ದಂಡ ಹಾಕಲಿ ಎಂದು ಕೆಲವರು ಹೇಳಬಹುದು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರಕಾರ, ಸರ್ಕಾರದ ಅಥವಾ ಪಾಲಿಕೆಯ ನಿಯಮ ಇಲ್ಲದ ಕಡೆ ಸಂಘಗಳು ತಾವಾಗಿಯೇ ದಂಡ ಹಾಕುವಂತಿಲ್ಲ, ನಾಯಿ ಸಾಕುವುದನ್ನೂ ನಿಷೇಧಿಸುವಂತಿಲ್ಲ. ಎತ್ತಿ ಎಂದು ಕೇಳಿಕೊಳ್ಳಲು ಅಡ್ಡಿಯಿಲ್ಲ. ಎರಡು ಸಲ ಸಮಾಧಾನವಾಗಿ ಮಾತಾಡಿಯೂ ಬದಲಾಗದಿದ್ದರೆ ದಿನಾಂಕ, ಸಮಯ, ಫೋಟೊ ಸಮೇತ ನಿಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಬರಹದಲ್ಲಿ ದೂರು ಕೊಡಿ, ಸ್ವೀಕೃತಿ ಪಡೆದುಕೊಳ್ಳಿ. ದೂರು ನಾಯಿ ಸಾಕಿರುವ ಮನೆಯ ಮಾಲೀಕರ ಮೇಲಿರಲಿ. ಫೋಟೊದಲ್ಲಿ ಹುಡುಗನ ಮುಖ ಬೇಡ.

ಇನ್ನೊಂದು ವಿಷಯ. ನಿಮ್ಮ ನಾಲ್ಕು ಪುಟದಲ್ಲಿ ಬ್ರೂನೋ ಹೆಸರು ಏಳು ಸಲ ಬಂದಿದೆ, ಆ ಹುಡುಗನ ಹೆಸರು ಎಲ್ಲೂ ಇಲ್ಲ. ಭಾನುವಾರ ಆ ಮನೆಗೆ ಹೋಗುವ ಮೊದಲು, ನಾಳೆ ಆರೂವರೆಗೆ ಅವನು ಬಂದಾಗ, ಹೆಸರು ಕೇಳಿ.