ಓದುಗರು ಕೇಳಿದ್ದು: ಕಾರಿನ ಹಿಂದೆ ಸ್ಟ್ಯಾಂಡ್-ಅಪ್ ಜೆಟ್ ಸ್ಕೀ

ಪ್ರಶ್ನೆ: ನನ್ನ ಹತ್ತಿರ ಟೂ-ಸ್ಟ್ರೋಕ್ ಯಮಾಹಾ ಸೂಪರ್‌ಜೆಟ್ ಇದೆ. ನಿಂತು ಓಡಿಸುವ ಜೆಟ್ ಸ್ಕೀ, ಅಂದರೆ ನೀರಿನ ಮೇಲೆ ಓಡುವ ಸ್ಕೂಟರಿನಂಥದ್ದು. ಟ್ರೇಲರ್ ನಿಲ್ಲಿಸಲು ಜಾಗವಿಲ್ಲ. ಎಸ್‌ಯುವಿಗೆ 2 ಇಂಚಿನ ಹಿಚ್ ರಿಸೀವರ್ (ಟ್ರೇಲರ್ ಜೋಡಿಸಲು ಹಿಂದೆ ಇರುವ ಚೌಕ ಕೊಳವೆ) ಇದೆ. ಅದರ ಮೇಲೆ ಟಂಗ್ ವೇಯ್ಟ್ 227 ಕೆ.ಜಿ. ಎಂದು ಬರೆದಿದೆ. ಮೋಟಾರ್ ಬೈಕ್ ಸಾಗಿಸುವ ಉಕ್ಕಿನ ರ‍್ಯಾಕ್ ಹಾಕಿ ಸ್ಕೀಯನ್ನು ಅಡ್ಡಲಾಗಿ ಇಟ್ಟು ಒಯ್ಯಬಹುದೇ? ಸ್ಕೀ ತೂಕ 139 ಕೆ.ಜಿ. ಅಷ್ಟೇ.

ಮುಂದೆ ಹೇಳುವ ಎಲ್ಲ ಮಿತಿಗಳೊಳಗೆ ಬಂದರೆ ಒಯ್ಯಬಹುದು. ಆದರೆ 227ರಲ್ಲಿ 139 ಕಳೆದರೆ ಇನ್ನೂ 88 ಉಳಿಯುತ್ತದಲ್ಲ ಎಂದು ನೆಮ್ಮದಿಯಾಗಿ ಕೂರಬೇಡಿ. ಹಿಚ್ ಕೂರಿಸುವ ವರ್ಕ್‌ಶಾಪಿನಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಬಿರುಕು ಬಿಟ್ಟ ರ‍್ಯಾಕ್‌ಗಳು ರಿಪೇರಿಗೆ ಬರುತ್ತಿದ್ದವು. ಬಿರುಕು ಹೆಚ್ಚಾಗಿ ಒಂದೇ ಕಡೆ ಕಾಣುತ್ತಿತ್ತು: ಚೌಕ ಪೈಪು ರಿಸೀವರ್‌ನಿಂದ ಹೊರಬಂದ ಜಾಗದಲ್ಲಿ, ಮೇಲಿನ ಮುಖದ ವೆಲ್ಡ್ ಪಕ್ಕದಲ್ಲಿ. ಹೊರೆ ಕೆಳಕ್ಕೆ ಜಗ್ಗಿದಾಗ ಪೈಪಿನ ಮೇಲಿನ ಮುಖ ಎಳೆತಕ್ಕೆ ಸಿಗುತ್ತದೆ. ಒಡೆಯುವುದು ಅಲ್ಲಿಂದಲೇ. ಇದರಲ್ಲಿ ತೂಕದ ಪಾಲು ಎಷ್ಟೋ, ಆ ತೂಕ ಎಷ್ಟು ದೂರದಲ್ಲಿ ಕೂತಿದೆ ಎಂಬುದರ ಪಾಲೂ ಅಷ್ಟೇ.

ತುಂಬಿದ ಬಕೆಟ್ಟನ್ನು ಮೈಗೆ ಒತ್ತಿಕೊಂಡು ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇದು. ಟಂಗ್ ವೇಯ್ಟ್ ಎಂದರೆ ಟ್ರೇಲರಿನ ಮೂತಿ ತಾನು ಕೂರುವ ಉಕ್ಕಿನ ಗುಂಡಿನ, ಅಂದರೆ ಬಾಲ್ ಮೇಲೆ ಹಾಕುವ ಭಾರ. ಬಾಲ್ ಇರುವುದು, ರಿಸೀವರಿನೊಳಗೆ ಪೈಪನ್ನು ಹಿಡಿದಿಡುವ ಪಿನ್ನಿನಿಂದ ಸುಮಾರು 25 ಸೆಂ.ಮೀ. ದೂರದಲ್ಲಿ. ನಿಮ್ಮ ಸ್ಕೀಯ ಅಗಲ ಸುಮಾರು 68 ಸೆಂ.ಮೀ. ಬಂಪರಿಗೆ ತಾಗದಂತೆ ಸ್ವಲ್ಪ ಜಾಗ ಬಿಟ್ಟರೆ ಅದರ ನಡುಮಧ್ಯ ಪಿನ್ನಿನಿಂದ 55 ಸೆಂ.ಮೀ. ಆಚೆ ಹೋಗುತ್ತದೆ. ಅಂದರೆ ದೂರ ಎರಡು ಪಟ್ಟಿಗಿಂತ ಜಾಸ್ತಿ. ಅಷ್ಟೇ ತೂಕ ಇಟ್ಟರೂ ಹಿಚ್ಚನ್ನು ತಿರುಚುವ ಬಲ ಎರಡು ಪಟ್ಟು ದಾಟುತ್ತದೆ.

ಈಗ ತೂಕವನ್ನೂ ಸರಿಯಾಗಿ ಲೆಕ್ಕ ಹಾಕೋಣ. 139 ಎಂಬುದು ಪೆಟ್ರೋಲ್ ಇಲ್ಲದ ತೂಕ. ಟ್ಯಾಂಕಿಗೆ 18 ಲೀಟರ್ ಹಿಡಿಯುತ್ತದೆ. ತುಂಬಿಸಿದರೆ ಇನ್ನೂ 13 ಕೆ.ಜಿ. ಸೇರುತ್ತದೆ. ಉಕ್ಕಿನ ರ‍್ಯಾಕ್ 35 ಕೆ.ಜಿ. ಎಂದು ಇಟ್ಟುಕೊಳ್ಳಿ. ರ‍್ಯಾಕ್‌ನ ತೂಕವೂ ಹಿಚ್ ಮೇಲೇ ಬೀಳುತ್ತದೆ, ಇದನ್ನು ತುಂಬಾ ಜನ ಮರೆಯುತ್ತಾರೆ. ಬಿಗಿಯುವ ಪಟ್ಟಿ, ಒಳಗೆ ಉಳಿದ ನೀರು ಎಲ್ಲ ಸೇರಿ 190ರ ಹತ್ತಿರ ಬಂತು.

ಸ್ಕೀ ಹಳೆಯದಾಗಿದ್ದರೆ ಇನ್ನೊಂದು ವಿಷಯ ನೋಡಬೇಕು. ಹಲ್, ಅಂದರೆ ಸ್ಕೀಯ ಒಡಲಿನ ಒಳಗೆ ತೇಲುವುದಕ್ಕೆಂದು ಫೋಮ್ ತುಂಬಿರುತ್ತಾರೆ. ವರ್ಷಗಟ್ಟಲೆ ನೀರು ಇಳಿದು ಆ ಫೋಮ್ ನೆನೆದರೆ ಸ್ಕೀಯ ತೂಕ ಸದ್ದಿಲ್ಲದೆ ಏರುತ್ತದೆ. ಒಣಗಲಿ ಎಂದು ಬಿಸಿಲಿಗಿಟ್ಟರೂ ಒಣಗುವುದಿಲ್ಲ. ಹಾಗಾಗಿ ಪುಸ್ತಕದ ಅಂಕಿ ನಂಬಬೇಡಿ, ತೂಗಿ ನೋಡಿ. ಮನೆಯ ತೂಕದ ಯಂತ್ರ ಸಾಕು. ಮೂತಿಯ ಕೆಳಗೆ ಒಂದು ಮರದ ತುಂಡು, ಹಿಂಭಾಗದ ಕೆಳಗೆ ಇನ್ನೊಂದು. ಒಂದು ತುಂಡಿನ ಅಡಿಗೆ ಯಂತ್ರ ಇಟ್ಟು ಓದಿಕೊಳ್ಳಿ. ಆಮೇಲೆ ಇನ್ನೊಂದರ ಅಡಿಗೆ ಇಡಿ. ಎರಡೂ ಸಲ ಸ್ಕೀ ಮಟ್ಟವಾಗಿರಬೇಕು. ಎರಡನ್ನೂ ಕೂಡಿದರೆ ಪೂರ್ತಿ ತೂಕ.

ಅದೇ ಓದಿನಿಂದ ತೂಕದ ಕೇಂದ್ರವೂ ಸಿಗುತ್ತದೆ. ಎರಡು ತುಂಡುಗಳ ನಡುವೆ 150 ಸೆಂ.ಮೀ. ಇದೆ, ಮುಂದೆ 60 ಕೆ.ಜಿ., ಹಿಂದೆ 90 ಕೆ.ಜಿ. ಬಂತು ಅನ್ನಿ. ಆಗ ಕೇಂದ್ರ ಹಿಂದಿನ ತುಂಡಿನಿಂದ 60 ಸೆಂ.ಮೀ. ಮುಂದಿದೆ. ಆ ಜಾಗಕ್ಕೆ ಟೇಪಿನಿಂದ ಗುರುತು ಹಾಕಿ. ಆ ಗುರುತು ರ‍್ಯಾಕ್‌ನ ನಡುಪೈಪಿನ ಮೇಲೇ ಬರಬೇಕು. ಕಣ್ಣಿಗೆ ಚೆಂದ ಕಾಣಲಿ ಎಂದು ಉದ್ದದ ಮಧ್ಯವನ್ನು ಪೈಪಿನ ಮೇಲೆ ಇಟ್ಟರೆ ಪ್ರತಿ ಗುಂಡಿಯಲ್ಲೂ ರ‍್ಯಾಕ್ ಒಂದು ಬದಿಗೆ ತಿರುಚಿಕೊಳ್ಳುತ್ತದೆ.

ಇನ್ನು ಕಾರಿನ ಲೆಕ್ಕ. ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ 2.8 ಮೀಟರ್, ಹಿಂದಿನ ಆಕ್ಸಲ್‌ನಿಂದ ಸ್ಕೀಯ ಮಧ್ಯಕ್ಕೆ 1.6 ಮೀಟರ್ ಎಂದುಕೊಳ್ಳಿ. 190 ಕೆ.ಜಿ. ಹೊರೆಗೆ ಹಿಂದಿನ ಆಕ್ಸಲ್ ಮೇಲೆ ಹೆಚ್ಚುವುದು 190 ಅಲ್ಲ, ಸುಮಾರು 300 ಕೆ.ಜಿ. ಮುಂದಿನ ಚಕ್ರಗಳಿಂದ ಸುಮಾರು 110 ಕೆ.ಜಿ. ಎದ್ದುಹೋಗುತ್ತದೆ. ಸ್ಟೀರಿಂಗ್ ಹಗುರವಾಗುವುದು, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುವುದು ಇದರಿಂದಲೇ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಸಾಮಾನು ಇದ್ದರೆ ಆಕ್ಸಲ್ ಮಿತಿ ಬೇಗ ಮುಗಿಯುತ್ತದೆ. ಆ ಮಿತಿ ಬಾಗಿಲ ಚೌಕಟ್ಟಿನ ಸ್ಟಿಕರಿನಲ್ಲೋ ಕೈಪಿಡಿಯಲ್ಲೋ ಇರುತ್ತದೆ.

ಆದ್ದರಿಂದ ನೋಡಬೇಕಾದ ಅಂಕಿಗಳು ಹಲವು: ಹಿಚ್‌ನದು, ರ‍್ಯಾಕ್‌ನದು, ಕಾರು ತಯಾರಕರು ಟಂಗ್ ವೇಯ್ಟಿಗೆ ಕೊಟ್ಟದ್ದು, ಆಕ್ಸಲ್‌ದು. ಎಲ್ಲಕ್ಕಿಂತ ಚಿಕ್ಕದು ಯಾವುದೋ ಅದೇ ನಿಮ್ಮ ಮಿತಿ. ಕೆಲವು ಕೈಪಿಡಿಗಳು ಹಿಚ್‌ಗೆ ಸಿಕ್ಕಿಸುವ ರ‍್ಯಾಕ್‌ಗೆಂದೇ ಬೇರೆ, ಕಡಿಮೆ ಅಂಕಿ ಕೊಡುತ್ತವೆ. ಕೊಟ್ಟಿದ್ದರೆ ಅದನ್ನೇ ಪಾಲಿಸಿ. ರಿಸೀವರನ್ನು ಹಿಂದಕ್ಕೆ ಉದ್ದ ಮಾಡುವ ಹಿಚ್ ಎಕ್ಸ್‌ಟೆನ್ಷನ್ ಮಾತ್ರ ಬೇಡವೇ ಬೇಡ. ಅದನ್ನು ಹಾಕಿದರೆ ಮಿತಿ ಅರ್ಧಕ್ಕೆ ಇಳಿಯುತ್ತದೆ ಎಂದು ತಯಾರಕರೇ ಹೇಳುವುದು ಸಾಮಾನ್ಯ. 1.25 ಇಂಚಿನ ರಿಸೀವರ್ ಇರುವವರು ಈ ಯೋಚನೆಯನ್ನೇ ಬಿಡಿ.

ಪ್ರಶ್ನೆ: ಬೈಕ್ ರ‍್ಯಾಕ್‌ನ ಕಾಲುವೆಯಂಥ ತಗ್ಗಿನ ಮೇಲೆ ಸ್ಕೀ ಕೂರುತ್ತದೆಯೇ? ಪಟ್ಟಿ ಎಲ್ಲೆಲ್ಲಿ ಬಿಗಿಯಬೇಕು?

ಹಾಗೇ ಕೂರುವುದಿಲ್ಲ. ಆ ಕಾಲುವೆ ಮಾಡಿರುವುದು ಟೈರಿಗೆ. ಸ್ಕೀಯ ತಳ ಅಗಲ, ಮೇಲಾಗಿ ವಿ ಆಕಾರ. ಕಾಲುವೆಯ ಎರಡು ಅಂಚು ಹಲ್‌ಗೆ ಒತ್ತಿದರೆ ಪೂರ್ತಿ ಭಾರ ಎರಡು ಗೆರೆಗಳ ಮೇಲೆ ನಿಲ್ಲುತ್ತದೆ. ಕಾಲುವೆ ತೆಗೆದು ಆ ಜಾಗದಲ್ಲಿ ಅಡ್ಡ ಪೈಪುಗಳನ್ನು ಹಾಕಿಸಿ. ಅವುಗಳ ಮೇಲೆ ಕಾರ್ಪೆಟ್ ಸುತ್ತಿದ ಎರಡು ಉದ್ದನೆಯ ಮರದ ಆಸರೆ (ಬಂಕ್) ಕೂರಿಸಿ, ಟ್ರೇಲರಿನಲ್ಲಿ ಇರುತ್ತದಲ್ಲ ಹಾಗೆ. ಬಂಕ್ ಹಲ್‌ನ ಗಟ್ಟಿ ಭಾಗಕ್ಕೆ ತಾಗಬೇಕು. ತಳದಲ್ಲಿ ನೀರು ಎಳೆದುಕೊಳ್ಳುವ ಜಾಲರಿ (ಇನ್‌ಟೇಕ್ ಗ್ರೇಟ್) ಮತ್ತು ಅದರ ಹಿಂದಿನ ತಗಡಿನ (ರೈಡ್ ಪ್ಲೇಟ್) ಮೇಲೆ ಭಾರ ಬೀಳಬಾರದು.

ಮೂತಿಯಲ್ಲಿ ಎಳೆಯುವ ಕೊಕ್ಕೆ ಇರುತ್ತದೆ. ಅಲ್ಲಿಂದ ರ‍್ಯಾಕ್‌ನ ಮುಂದಿನ, ಹಿಂದಿನ ಮೂಲೆಗಳಿಗೆ ಎರಡು ಪಟ್ಟಿ ಎಳೆಯಿರಿ. ನೀವು ನಿಲ್ಲುವ ಟ್ರೇ ಮೇಲೆ ಒಂದು ಅಗಲ ಪಟ್ಟಿ ಬರಲಿ. ಅಂಚಿನಲ್ಲಿ ಮೆತ್ತನೆಯ ಬಟ್ಟೆಯೋ ರಬ್ಬರೋ ಇಡಿ. ಹಿಂಭಾಗ ಪಕ್ಕಕ್ಕೆ ಜಾರದಂತೆ ಇನ್ನೊಂದು. ಯಾವ ಪಟ್ಟಿ ಬಿಚ್ಚಿಕೊಂಡರೂ ಉಳಿದವು ಸ್ಕೀಯನ್ನು ಹಿಡಿದು ನಿಲ್ಲಿಸಬೇಕು. ಆ ಭರವಸೆ ಬರುವವರೆಗೆ ಪಟ್ಟಿ ಸೇರಿಸುತ್ತಾ ಹೋಗಿ.

ಹ್ಯಾಂಡಲ್ ಪೋಲ್ ತನ್ನ ಬುಡದ ಕೀಲಿನಲ್ಲಿ ಮೇಲೆ ಕೆಳಗೆ ಆಡುವ ಭಾಗ. ಅದರ ಮೇಲೆ ಪಟ್ಟಿ ಹಾಕಿ ಇಡೀ ಸ್ಕೀಯನ್ನು ಬಿಗಿಯಬೇಡಿ. ಅದನ್ನೇ ಹಿಡಿದು ಎತ್ತಲೂ ಬೇಡಿ. ಕುಣಿಯದಂತೆ ಅದಕ್ಕೆ ಪ್ರತ್ಯೇಕ ಸಣ್ಣ ಪಟ್ಟಿ ಸಾಕು. ರ‍್ಯಾಚೆಟ್ ಪಟ್ಟಿ ಬಳಸುವವರು ಹದ ಮೀರಿ ಬಿಗಿಯಬೇಡಿ. ಅದರ ಬಲ ಎಷ್ಟೆಂದರೆ ಫೈಬರ್ ಹಲ್ ಒಳಕ್ಕೆ ಬಾಗಿದ್ದು ಗೊತ್ತೇ ಆಗುವುದಿಲ್ಲ. ಗಾಳಿಗೆ ಪಟ್ಟಿ ಗುಂಯ್‌ಗುಡುತ್ತಿದ್ದರೆ ಒಂದು ಸುತ್ತು ತಿರುಚಿ ಹಾಕಿ, ನಿಲ್ಲುತ್ತದೆ. ಹೊರಟು ಹತ್ತು ಹದಿನೈದು ನಿಮಿಷಕ್ಕೆ ಒಮ್ಮೆ ನಿಲ್ಲಿಸಿ ಎಲ್ಲವನ್ನೂ ಮುಟ್ಟಿ ನೋಡಿ. ಬಂಕಿನ ಕಾರ್ಪೆಟ್ ಅಮುಕಿ ಪಟ್ಟಿ ಸಡಿಲವಾಗಿರುತ್ತದೆ.

ರಿಸೀವರ್ ಒಳಗೆ ಪೈಪು ಸ್ವಲ್ಪ ಅಲ್ಲಾಡುತ್ತದೆ ಅಲ್ವಾ, ಅದನ್ನು ಸುಮ್ನೆ ಬಿಡಬೇಡಿ. ಬಿಗಿಯುವ ಕ್ಲ್ಯಾಂಪ್ ಸಿಗುತ್ತದೆ. ಆ ಸಣ್ಣ ಆಟವೇ ರಸ್ತೆಯ ಪ್ರತಿ ಕುಲುಕಿಗೂ ವೆಲ್ಡ್‌ಗೆ ಏಟು ಕೊಡುತ್ತಾ ಹೋಗುತ್ತದೆ.

ಪ್ರಶ್ನೆ: ಅಡ್ಡ ಇಟ್ಟರೆ ಸ್ಕೀ ಕಾರಿಗಿಂತ ಉದ್ದವಾಗಿ ಎರಡೂ ಕಡೆ ಚಾಚುತ್ತದೆ. ಪರವಾಗಿಲ್ಲವೇ?

ಸೂಪರ್‌ಜೆಟ್ 2.24 ಮೀಟರ್ ಉದ್ದ. ಕಾರು 1.85 ಮೀಟರ್ ಅಗಲ ಇದ್ದರೆ ಒಂದೊಂದು ಬದಿಗೂ ಸುಮಾರು 20 ಸೆಂ.ಮೀ. ಹೊರಗೆ ಬರುತ್ತದೆ. ಇದಕ್ಕೆ ನಿಯಮ ಊರಿಗೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ ಪ್ರಯಾಣಿಕ ವಾಹನದ ಹೊರೆ ಎಡ ಫೆಂಡರ್ ದಾಟುವಂತಿಲ್ಲ, ಬಲಕ್ಕೆ ಆರು ಇಂಚು ಮಾತ್ರ. ಅಲ್ಲಿ ಈ ಜೋಡಣೆ ನಡೆಯುವುದೇ ಇಲ್ಲ. ನಿಮ್ಮಲ್ಲಿ ಏನಿದೆ ಎಂದು ರ‍್ಯಾಕ್ ಕೊಳ್ಳುವ ಮೊದಲೇ ವಿಚಾರಿಸಿ.

ನಿಯಮ ಬಿಟ್ಟರೂ ಹಿಂದಿನ ದೀಪ, ಇಂಡಿಕೇಟರ್, ನಂಬರ್ ಪ್ಲೇಟ್ ಎಲ್ಲ ಮುಚ್ಚಿಹೋಗುತ್ತವೆ. ಟ್ರೇಲರಿಗೆ ಹಾಕುವ ಲೈಟ್ ಬೋರ್ಡ್ ತಂದು ಸ್ಕೀಯ ಹಿಂದೆ ಕಟ್ಟಿ. ಬ್ರೇಕ್ ಒತ್ತಿದ್ದು ಹಿಂದಿನವರಿಗೆ ಕಾಣದಿದ್ದರೆ ಉಳಿದ ಎಚ್ಚರಿಕೆ ಎಲ್ಲಾ ವ್ಯರ್ಥ. ಸೈಲೆನ್ಸರ್ ಪೈಪು ಎತ್ತ ಊದುತ್ತದೆ ಎಂದೂ ಬಗ್ಗಿ ನೋಡಿ. ಬಿಸಿ ಹೊಗೆ ನೇರ ಹಲ್‌ಗೆ ಬಡಿಯುತ್ತಿದ್ದರೆ ತಿರುವು ಪೈಪು ಹಾಕಿಸಲೇಬೇಕು.

ಪ್ರಶ್ನೆ: 2017ರಲ್ಲಿ ಬಂದ ಫೋರ್-ಸ್ಟ್ರೋಕ್ ಕವಾಸಕಿ ಎಸ್‌ಎಕ್ಸ್-ಆರ್ ನನ್ನದು. ಗಟ್ಟಿ ರ‍್ಯಾಕ್ ಮಾಡಿಸಿದರೆ ಆಗುತ್ತದೆಯೇ?

ಬೇಡ. ಅದು 1498 ಸಿಸಿ ಎಂಜಿನ್ನಿನ ಸ್ಕೀ, ತೂಕ ಸುಮಾರು 250 ಕೆ.ಜಿ., ಉದ್ದ 2.66 ಮೀಟರ್. ರ‍್ಯಾಕ್ ಗಟ್ಟಿ ಮಾಡಿದಷ್ಟೂ ಅದರ ತೂಕವೂ ಏರುತ್ತದೆ, ಹಿಚ್ ಮಾತ್ರ ಅದೇ ಇರುತ್ತದೆ. ಮಡಚಿ ಗೋಡೆಗೆ ಒರಗಿಸಿಡುವ ಸಣ್ಣ ಟ್ರೇಲರ್ ಸಿಗುತ್ತದೆ, ಅದನ್ನು ನೋಡಿ. ಪಿಕಪ್ ಇದ್ದರೆ ಇನ್ನೂ ಒಳ್ಳೆಯದು, ಭಾರ ಹಿಂದಿನ ಆಕ್ಸಲ್‌ನ ಹತ್ತಿರವೇ ಕೂರುತ್ತದೆ. 2021ರ ಫೋರ್-ಸ್ಟ್ರೋಕ್ ಸೂಪರ್‌ಜೆಟ್ ಇದ್ದವರಿಗೂ ನನ್ನ ಸಲಹೆ ಅದೇ. ಅದು ಪೆಟ್ರೋಲ್ ಇಲ್ಲದೆಯೇ 170 ಕೆ.ಜಿ. ಆಸುಪಾಸು.

ಪ್ರಶ್ನೆ: ಒಬ್ಬನೇ ಏರಿಸಬಹುದೇ?

139 ಕೆ.ಜಿ. ಸ್ಕೀಯನ್ನು ಒಬ್ಬರೇ ಎತ್ತಲು ಹೋಗಬೇಡಿ, ಬೆನ್ನಿನ ಮೇಲೆ ಪ್ರೀತಿ ಇರಲಿ. ಇಬ್ಬರಿದ್ದರೆ ಸ್ಕೀಯನ್ನು ಬೀಚ್ ಕಾರ್ಟ್ (ದಡದಲ್ಲಿ ತಳ್ಳುವ ಗಾಡಿ) ಮೇಲೆ ರ‍್ಯಾಕ್ ಪಕ್ಕಕ್ಕೆ ತನ್ನಿ. ಮೊದಲು ಮೂತಿಯನ್ನು ಬಂಕ್ ಮೇಲೆ ಇಡಿ. ಆಮೇಲೆ ಇಬ್ಬರೂ ಹಿಂಭಾಗಕ್ಕೆ ಬಂದು ಎತ್ತಿ, ಉದ್ದಕ್ಕೆ ದೂಡಿ. ಒಬ್ಬರೇ ಇದ್ದರೆ ರ‍್ಯಾಕ್‌ನ ಬದಿಗೆ ಸಿಕ್ಕಿಸುವ ರ‍್ಯಾಂಪ್, ಆಚೆ ತುದಿಯಲ್ಲಿ ಕೈಯಿಂದ ತಿರುಗಿಸುವ ವಿಂಚ್ ಬೇಕು. ಅರ್ಧ ಏರಿದಾಗ ಪೂರ್ತಿ ಭಾರ ರ‍್ಯಾಕ್‌ನ ಒಂದು ತುದಿಯ ಮೇಲೆ ಇರುತ್ತದೆ. ಆಗ ಆ ತುದಿಯ ಕೆಳಗೆ ಒಂದು ಊರುಗೋಲು ಕೊಡಿ.

ಏರಿಸುವ ಮೊದಲು ದಡದಲ್ಲೇ ಮೂತಿಯನ್ನು ಮೇಲೆತ್ತಿ ನೀರು ಹಿಂದಕ್ಕೆ ಇಳಿಯಲು ಬಿಡಿ. ಹಿಂಭಾಗ ಎತ್ತರವಾದರೆ ಹೊಗೆ ಕೊಳವೆಯ ನೀರಿನ ಡಬ್ಬಿಯಲ್ಲಿ (ವಾಟರ್‌ಬಾಕ್ಸ್) ಉಳಿದ ನೀರು ಎಂಜಿನ್ ಕಡೆಗೆ ಹೋಗಬಹುದು. ಮಗ್ಗುಲಿಗೆ ಹೊರಳಿಸಬೇಕಾದರೆ ಯಾವ ಕಡೆಗೆ ಎಂದು ಕೈಪಿಡಿಯಲ್ಲಿ ನೋಡಿಯೇ ಹೊರಳಿಸಿ. ಪೆಟ್ರೋಲ್ ಕಾಕ್ ಇರುವ ಸ್ಕೀ ಆದರೆ ಅದನ್ನು ಆಫ್ ಮಾಡಿ.