ಪೀಣ್ಯದ ಕ್ರೋಮ್ ಪ್ಲೇಟಿಂಗ್ ಘಟಕಕ್ಕೆ ನೋಟಿಸ್ ಬಂದಿದೆ. ಹೊಸ ಇಟಿಪಿ (ಕೊಳಕು ನೀರು ಶುದ್ಧಮಾಡುವ ವ್ಯವಸ್ಥೆ) ಹಾಕಿಸಲೇಬೇಕಾ?

ಮಾಲಿನ್ಯ ನಿಯಂತ್ರಣ ಮಂಡಳಿಯವರು ತೆಗೆದ ಸ್ಯಾಂಪಲ್‌ನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ವಿಷಕಾರಿ ರೂಪ) ಜಾಸ್ತಿ ಬಂದಿದೆ, ಹೊಸ ಇಟಿಪಿಗೆ ಕೊಟೇಶನ್ ತರಿಸಿದ್ದೀರಿ ಅಂತ ಬರೆದಿದ್ದೀರಿ. ನೋಟಿಸ್‌ಗೆ ಅದರಲ್ಲಿರುವ ಗಡುವಿನೊಳಗೆ ಉತ್ತರ ಕೊಡಿ. ಆದರೆ ಅಡ್ವಾನ್ಸ್ ಮಾತ್ರ ಈಗಲೇ ಕೊಡಬೇಡಿ.

ಇಂಥ ಸಣ್ಣ ಘಟಕಗಳ ಇಟಿಪಿ ಸರಿಮಾಡಿಸುವುದೇ ನನ್ನ ಕೆಲಸ. ನಾಳೆ ಬೆಳಗ್ಗೆ ಕ್ರೋಮಿಯಂ ಇರುವ ಹಳದಿ ನೀರಿಗೆ ಮೆಟಾಬೈಸಲ್ಫೈಟ್ ಪುಡಿ (ಆ ವಿಷಕಾರಿ ರೂಪವನ್ನು ಕಡಿಮೆ ಅಪಾಯದ ರೂಪಕ್ಕೆ ತರುವ ಕೆಮಿಕಲ್) ಹಾಕುವಾಗ ನೀವೇ ಪಕ್ಕದಲ್ಲಿ ನಿಂತು ನೋಡಿ. ಮೊದಲು ಆಸಿಡ್ ಹಾಕಿ ಪಿಎಚ್ 2.5ರ ಹತ್ತಿರ ತರಬೇಕು. ಆಗ ಪುಡಿ ಹಾಕಿದರೆ ನೀರು ನಿಮ್ಮ ಕಣ್ಣೆದುರೇ ಹಳದಿಯಿಂದ ಹಸಿರಿಗೆ ತಿರುಗುತ್ತದೆ. ಘಾಟು ಗಾಳಿ ಏಳುತ್ತದೆ, ಹುಡುಗರಿಗೆ ಸರಿಯಾದ ಮಾಸ್ಕ್ ಕೊಡಿ, ಕಿಟಕಿ ತೆರೆದಿರಲಿ. ಆಮೇಲೆ ಸುಣ್ಣ ಹಾಕಿ ಪಿಎಚ್ 8-9ಕ್ಕೆ ಏರಿಸಿದರೆ ಕ್ರೋಮಿಯಂ ಗಸಿಯಾಗಿ ತಳಕ್ಕೆ ಕೂರುತ್ತದೆ.

ಕಳೆದ ವರ್ಷ ಒಂದು ಘಟಕದಲ್ಲಿ ನೀರು ಹಳದಿಯಾಗಿಯೇ ಉಳಿಯುತ್ತಿತ್ತು. ಕೆಮಿಕಲ್ ಕಳಪೆ ಅಂತ ಮಾಲೀಕರು ಎರಡು ಸಲ ಸಪ್ಲೈಯರ್ ಬದಲಾಯಿಸಿದ್ದರು. ನಾನು ಪಿಎಚ್ ಪೇಪರ್ ಅದ್ದಿ ನೋಡಿದೆ, 5 ತೋರಿಸಿತು. ಅವರ ಮೀಟರ್ ಮಾತ್ರ 2.4 ಅನ್ನುತ್ತಿತ್ತು! ಅದನ್ನು ತಿಂಗಳುಗಟ್ಟಲೆ ಕ್ಯಾಲಿಬ್ರೇಟ್ ಮಾಡಿರಲಿಲ್ಲ. ಪಿಎಚ್ 5ರಲ್ಲಿ ಈ ರಿಯಾಕ್ಷನ್ ತೀರಾ ನಿಧಾನ, ಎಷ್ಟು ಪುಡಿ ಸುರಿದರೂ ಅಷ್ಟೇ. ಹೊರಗೆ ಬಿಡುವ ನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಇದೆ. ಇದರಲ್ಲಿ ಅಂದಾಜು ನಡೆಯಲ್ಲ.

ಇನ್ನೊಂದು ಕಡೆ ಪ್ಲೇಟಿಂಗ್ ಲೈನ್ ನೋಡಿ. ಭಾಗಗಳನ್ನು ತೂಗುಹಾಕಿದ ಜಿಗ್ ಅನ್ನು ಬಾತ್ (ಕ್ರೋಮಿಕ್ ಆಸಿಡ್ ತೊಟ್ಟಿ) ಒಳಗಿಂದ ಎತ್ತಿದ ತಕ್ಷಣ ತೊಳೆಯುವ ರಿನ್ಸ್‌ಗೆ ಹಾಕುತ್ತಾರಾ? ಬಾತ್ ಮೇಲೆಯೇ ಹತ್ತು-ಹದಿನೈದು ಸೆಕೆಂಡ್ ಹಿಡಿದು ಸೋರಲು ಬಿಡಿ. ಓಡುವ ನೀರಿಗೆ ಮೊದಲು ಒಂದು ನಿಂತ ನೀರಿನ ರಿನ್ಸ್ ಇಡಿ, ಆ ನೀರನ್ನೇ ಬಾತ್‌ಗೆ ವಾಪಸ್ ತುಂಬಿಸಿ. ನಿಮ್ಮ ಕ್ರೋಮಿಕ್ ಆಸಿಡ್ ಉಳಿಯುತ್ತದೆ, ಇಟಿಪಿ ಮೇಲಿನ ಹೊರೆಯೂ ಇಳಿಯುತ್ತದೆ. ಇಷ್ಟು ಮಾಡಿಯೂ ರಿಪೋರ್ಟ್ ಸರಿಬರದಿದ್ದರೆ ಆಗ ಹೊಸ ಇಟಿಪಿ ಮಾತು.

ರಾತ್ರಿ ಚರಂಡಿಗೆ ಬಿಟ್ಟುಬಿಡಿ ಅಂತ ಸಲಹೆ ಕೊಡುವವರೂ ಇರುತ್ತಾರೆ. ದಯವಿಟ್ಟು ಕೇಳಬೇಡಿ. ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಸೇರಿರುವುದು ಹೊಸ ಸುದ್ದಿಯಲ್ಲ. ಬೋರ್‌ವೆಲ್‌ನಿಂದ ಹಳದಿ ನೀರು ಬಂದದ್ದನ್ನು ನಾನೇ ನೋಡಿದ್ದೇನೆ. ಅದನ್ನು ನೋಡಿದ ಮೇಲೆ ಈ ಕೆಲಸವನ್ನು ಬರೀ ಕಾಗದಪತ್ರ ಅಂದುಕೊಳ್ಳಲು ನನಗೆ ಆಗಿಲ್ಲ.

ತಳಕ್ಕೆ ಕೂತ ಗಸಿಯ (ಸ್ಲಡ್ಜ್) ಚೀಲಗಳನ್ನೂ ಮರೆಯಬೇಡಿ. 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಸೂರಿನ ಕೆಳಗಿಟ್ಟು ತಾರೀಕು ಬರೆದು ಅಂಟಿಸಿ, ಅನುಮತಿ ಇರುವ ವಿಲೇವಾರಿ ಘಟಕಕ್ಕೇ ಕಳಿಸಿ, ಮ್ಯಾನಿಫೆಸ್ಟ್ (ಸಾಗಣೆ ದಾಖಲೆ) ಪ್ರತಿ ಫೈಲ್ ಮಾಡಿ. ಈ ತ್ಯಾಜ್ಯದ ವಾರ್ಷಿಕ ರಿಟರ್ನ್ ಜೂನ್ 30ರೊಳಗೆ ಮಂಡಳಿಗೆ ಹೋಗಬೇಕು.